ಹೂಸ್ಟನ್ ಎಂದು ಬರೆದ ಪಾತ್ರೆ

ಮಳೆ ನಿಂತ ಮೇಲೆ ಓಕ್ ಕಟ್ಟಿಗೆಗೆ ಬೆಂಕಿ ಹಚ್ಚಿದರೆ ಮೊದಲು ಬರುವುದು ಹುಳಿ ವಾಸನೆ. ಒಳಗಿನ ತೇವ ಆರುವವರೆಗೂ ಹೊಗೆ ಬೆಳ್ಳಗೆ, ದಪ್ಪಗೆ, ನೆಲ ಹಿಡಿದುಕೊಂಡೇ ಓಡಾಡುತ್ತದೆ. ಆಮೇಲೆ ತೆಳ್ಳಗಾಗಿ ನೀಲಿಗೆ ತಿರುಗುತ್ತದೆ. ಮಾಂಸ ಇಡಬೇಕಾದದ್ದು ಆಗ.

ಕಳೆದ ಭಾನುವಾರ ಹೂಸ್ಟನ್ ಹತ್ತಿರದ ಫುಲ್‌ಶೀರಿನ ನಮ್ಮ ಮನೆಯ ಬೇಲಿಯಾಚೆ, ಹೊಸದಾಗಿ ಬಂದ ಸಂಸಾರದವರು ಹಿತ್ತಲಿನಲ್ಲಿ ಒಲೆ ಹೊತ್ತಿಸಿದರು. ಹೊಗೆ ಇನ್ನೂ ಹುಳಿಯಾಗಿರುವಾಗಲೇ ಮಾಂಸ ಇಟ್ಟರೆಂದು ನನ್ನ ಮೂಗಿಗೆ ಗೊತ್ತಾಯಿತು. ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ಬಂದು ಕಿಟಕಿ ಮುಚ್ಚಿ ಕೂತೆ. ಹಾಗೆ ಕೂತಾಗ ಗೆಳೆಯ ರಾಚಪ್ಪ ನೆನಪಾದ. ಆಸ್ಟಿನ್ ಪಕ್ಕದ ಲಿಯಾಂಡರಿನ ತನ್ನ ಮಗಳ ಮನೆಯಲ್ಲಿ ಅವನೂ ಹೀಗೆಯೇ ಕಿಟಕಿ ಮುಚ್ಚಿ ಕೂರುತ್ತಿದ್ದ.

ಅವನಿಗೆ ನಾನು ಮಾಡಿದ್ದನ್ನು ಬರೆಯಬೇಕೆಂದು ಬಹಳ ಕಾಲದಿಂದ ಮನಸ್ಸಿನಲ್ಲಿತ್ತು. ಬರೆದರೆ ಹಗುರಾಗುತ್ತೇನೆಂಬ ಆಸೆಯಿಂದಲ್ಲ. ಅದು ಅವನೊಬ್ಬನಿಗೆ ಮಾಡಿದ್ದಲ್ಲ, ಉಳಿದವರಿಗೂ ಗೊತ್ತಾಗಬೇಕು ಎಂಬುದಕ್ಕೆ.

ನಾನು ಬೆಟಗೇರಿಯವನು. ಎಸ್ಸೆಸ್ಸೆಲ್ಸಿಗೆ ಓದು ನಿಂತಿತು. ಅರ್ಧ ಆಯುಷ್ಯ ಗದಗಿನ ಒಂದು ಸೀರೆ ಅಂಗಡಿಯಲ್ಲಿ ಕಳೆದೆ. ಹೆಂಡತಿ ತೀರಿಕೊಂಡ ಮೇಲೆ ಅಮೆರಿಕೆಯಲ್ಲಿದ್ದ ತಂಗಿ ಶಾಂತಾ ಎಂದೋ ಹಾಕಿದ್ದ ವೀಸಾ ಅರ್ಜಿ ಕೊನೆಗೂ ಮಂಜೂರಾಗಿ, ತಲೆಗೂದಲು ಹಣ್ಣಾದ ಮೇಲೆ ಟೆಕ್ಸಾಸಿಗೆ ಬಂದೆ. ತಂಗಿಯ ಗಂಡ ಆಗ ಹೂಸ್ಟನ್ನಿನ ಅಂಚಿನ ಸೈಪ್ರೆಸ್ಸಿನಲ್ಲಿ ಒಂದು ಗ್ಯಾಸ್ ಸ್ಟೇಷನ್, ಎಂದರೆ ಪೆಟ್ರೋಲ್ ಬಂಕು, ನಡೆಸುತ್ತಿದ್ದ. ಅದರ ಹಿಂದೆ ಇಟ್ಟಿಗೆಯ ದೊಡ್ಡ ಒಲೆ, ಮುಂದೆ ಬಾರ್ಬೆಕ್ಯೂ ಮಾರುವ ಕೌಂಟರು. ಒಲೆ ನೋಡಿಕೊಳ್ಳುವವನು ಅರ್ಲ್ ಎಂಬ ಕರಿಯ ಮುದುಕ, ನನಗಿಂತ ಎರಡು ವರ್ಷ ಹಿರಿಯ. ಕೌಂಟರಿನಲ್ಲಿ ತೂಗಿ ಕೊಡುವವನು ನಾನು.

ನಮ್ಮದು ಕುರಿ, ಕೋಳಿ ತಿನ್ನುವ ಮನೆತನ. ದನದ್ದು ಮುಟ್ಟುವುದಿಲ್ಲ. ಅಲ್ಲಿ ಮಾರುವುದು ಬಹುಪಾಲು ಅದೇ. ನಾನು ಕೈಗವಸು ಹಾಕಿಕೊಂಡು ತೂಗುತ್ತಿದ್ದೆ, ಸಂಜೆ ಮನೆಗೆ ಹೋಗಿ ಸ್ನಾನ ಮಾಡಿ ಊಟಕ್ಕೆ ಕೂರುತ್ತಿದ್ದೆ. ಸಾಸು ಕಾಯಿಸುವ ಕೆಲಸವೂ ಕ್ರಮೇಣ ನನಗೇ ಬಂತು. ಟೊಮೆಟೊ, ವಿನೆಗರ್, ಈರುಳ್ಳಿ, ಕಾಕಂಬಿ, ಮೆಣಸು. ಕೊನೆಗೆ ಅರ್ಲ್ ಬಂದು, ಬ್ರಿಸ್ಕೆಟ್ ಎನ್ನುವ ಎದೆಯ ಮಾಂಸದಿಂದ ತಟ್ಟೆಗೆ ಇಳಿದಿದ್ದ ಕೊಬ್ಬನ್ನೂ ರಸವನ್ನೂ ಒಂದು ಸೌಟು ಸುರಿದು ಹೋಗುತ್ತಿದ್ದ. ಅದು ಬಿದ್ದೊಡನೆ ಪಾತ್ರೆಯ ವಾಸನೆಯೇ ಬದಲಾಗುತ್ತಿತ್ತು. ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಹುಳಿ, ಸಿಹಿ, ಘಾಟು ಒಂದಾಗುತ್ತಿದ್ದವು. ನಾನು ಅದನ್ನು ನಾಲಿಗೆಗೆ ಹಚ್ಚಿದವನಲ್ಲ. ಮೂಗಿನಿಂದಲೇ ಹದ ಹೇಳುತ್ತಿದ್ದೆ, ಅರ್ಲ್ ನಂಬುತ್ತಿದ್ದ. ಸೀರೆಯ ಬಣ್ಣವನ್ನು ಬಿಸಿಲಿಗೆ ಹಿಡಿಯದೆ ಹೇಳುತ್ತಿದ್ದವನಿಗೆ ಇದೊಂದು ಹೊಸ ಹೆಮ್ಮೆ.

ಈ ಸೀಮೆಯಲ್ಲಿ ಊರಿಗೊಂದು ಪದ್ಧತಿ ಇದೆ. ಆಸ್ಟಿನ್ ಕಡೆಯವರು ಉಪ್ಪು, ಕರಿಮೆಣಸು ಬಿಟ್ಟು ಬೇರೇನೂ ಹಚ್ಚುವುದಿಲ್ಲ. ಪೋಸ್ಟ್ ಓಕ್ ಎಂಬ ಕಟ್ಟಿಗೆಯಲ್ಲಿ ಹೊತ್ತು ಮುಳುಗಿ ಹುಟ್ಟುವವರೆಗೆ ಬೇಯಿಸಿ ಕಾಗದದ ಮೇಲೆ ಇಟ್ಟು ಕೊಡುತ್ತಾರೆ. ಸಾಸು ಕೇಳಿದರೆ ಮುಖ ನೋಡುತ್ತಾರೆ. ಡಲ್ಲಾಸಿನವರದ್ದು ದಪ್ಪ, ಸಿಹಿ. ಚಮಚ ನಿಲ್ಲಿಸಿದರೆ ನಿಲ್ಲುತ್ತದೆ. ಅರ್ಲ್ ಹುಟ್ಟಿದ್ದು ಪೂರ್ವದ ಪೈನ್ ಕಾಡಿನ ಕಡೆ. ಅಲ್ಲಿ ಹಿಕರಿ ಕಟ್ಟಿಗೆ, ಮಾಂಸವನ್ನು ಕೊಚ್ಚಿ ಸಾಸಿನಲ್ಲಿ ಮುಳುಗಿಸಿ ಬ್ರೆಡ್ಡಿನ ನಡುವೆ ಇಡುವುದು. ತನ್ನ ತಾಯಿಯ ಕಾಲದಲ್ಲಿ ಮಾಂಸ ಸ್ವಲ್ಪ, ಬ್ರೆಡ್ಡು ಜಾಸ್ತಿ, ಹಾಗಾಗಿ ಮಾಂಸದ ರುಚಿಯನ್ನು ಬ್ರೆಡ್ಡಿನ ಮೂಲೆಯವರೆಗೆ ಮುಟ್ಟಿಸುವ ಕೆಲಸ ಸಾಸಿನದಾಗಿತ್ತು ಎಂದು ಅವನು ಹೇಳುತ್ತಿದ್ದ. ಹೂಸ್ಟನ್ನಿಗೆ ಎಲ್ಲ ಕಡೆಯವರೂ ಬಂದು ಸೇರಿದ್ದರಿಂದ ಇಲ್ಲಿ ಎಲ್ಲವೂ ಇದೆ. ನಮ್ಮ ಸಾಸು ತೆಳ್ಳಗೆ, ಸ್ವಲ್ಪ ಖಾರ.

ಇನ್ನು ರಾಚಪ್ಪ. ಅವನೂ ನಾನೂ ಬೆಟಗೇರಿಯಲ್ಲಿ ಒಂದೇ ಬೆಂಚಿನವರು. ಅವನದು ಲಿಂಗಾಯತರ ಮನೆ. ನಮ್ಮದು ಭಾನುವಾರ ಕುರಿ ಬೇಯುವ ಮನೆ. ಆದರೂ ಶಾಲೆ ಬಿಟ್ಟೊಡನೆ ಅವನು ಬರುತ್ತಿದ್ದದ್ದು ನಮ್ಮಲ್ಲಿಗೇ. ಅವ್ವ ಅವನಿಗೆಂದೇ ಒಂದು ಹಂಚನ್ನು ಬೇರೆ ಇಟ್ಟಿದ್ದಳು. ಅದು ಗೋಡೆಯ ಮೊಳೆಗೆ ತೂಗುತ್ತಿದ್ದದ್ದು ಅವನಿಗೂ ಗೊತ್ತಿತ್ತು. ಅವನು ಬಂದಾಗ ಇಳಿಸಿ, ಎರಡು ರೊಟ್ಟಿ ಬೇಯಿಸಿ, ಒರೆಸಿ ಮತ್ತೆ ಮೊಳೆಗೆ ಸಿಗಿಸುತ್ತಿದ್ದಳು. ಅವನು ಎಂದೂ ಒಳಗೆ ಬಂದು ಯಾವ ಹಂಚು ಎಂದು ನೋಡಿದವನಲ್ಲ. ಒಮ್ಮೆ ನಾನು ಕೇಳಿದೆ: “ಅಂವೇನ ನೋಡತಾನಬೇ? ನಮ್ಮ ಹಂಚಿನ ಮ್ಯಾಲ ಬೇಯಿಸಿದ್ರ ಏನಾಕ್ಕೈತಿ?”

“ಅಂವ ನೋಡೂದಿಲ್ಲ, ಅದಕ್ಕ,” ಎಂದಳು ಅವ್ವ.

ಆಗ ಅರ್ಥವಾಗಿರಲಿಲ್ಲ. ಅರ್ಥವಾದಾಗ ಅದರಿಂದ ಉಪಯೋಗವಾಗಲಿಲ್ಲ.

ನಾನು ಹೇಳುತ್ತಿರುವ ವರ್ಷದ ವಸಂತದಲ್ಲಿ ರಾಚಪ್ಪನ ಹೆಂಡತಿ ತೀರಿಕೊಂಡಳು. ಅವನ ಮಗಳು ಗೌರಿ ಅವನನ್ನು ಲಿಯಾಂಡರಿಗೆ ಕರೆತಂದಳು. ಗೌರಿಯ ಗಂಡ ಕಿರಣ್ ಮೈಸೂರಿನ ಹುಡುಗ, ಆಸ್ಟಿನ್ನಿನ ಒಂದು ಕಂಪನಿಯಲ್ಲಿ ಕೆಲಸ. ಮಾಂಸ ತಿನ್ನುವವನು, ಬರೀ ತಿನ್ನುವವನಲ್ಲ, ಬಾರ್ಬೆಕ್ಯೂ ಹುಚ್ಚು ಹಿಡಿದವನು. ಹಿತ್ತಲಿನಲ್ಲಿ ಕಬ್ಬಿಣದ ಉದ್ದನೆಯ ಒಲೆ ಇಟ್ಟುಕೊಂಡಿದ್ದ. ಶನಿವಾರ ಅವನು ಅದನ್ನು ಹೊತ್ತಿಸಿದರೆ ರಾಚಪ್ಪ ಮುಂದಿನ ಕೋಣೆಗೆ ಹೋಗಿ ಕಿಟಕಿ ಮುಚ್ಚಿ ಕೂರುತ್ತಿದ್ದ. ಅಳಿಯನಿಗೆ ಒಂದು ಮಾತೂ ಅಂದವನಲ್ಲ. ಅಳಿಯನೂ ಹಾಗೆಯೇ. ಅವನ ಚಾಕು, ಹಲಗೆ, ತಟ್ಟೆ ಎಲ್ಲವೂ ಹಿತ್ತಲಿನ ಪೆಟ್ಟಿಗೆಯಲ್ಲಿ. ಅಡಿಗೆಮನೆಯೊಳಗೆ ಒಂದು ಇಕ್ಕಳವೂ ಬರುತ್ತಿರಲಿಲ್ಲ.

ಸುದ್ದಿ ತಿಳಿದು ನಾನು ೨೯೦ರ ರಸ್ತೆ ಹಿಡಿದು ನೋಡಲು ಹೋದೆ. ರಸ್ತೆಯ ಎರಡೂ ಬದಿ ನೀಲಿ ಹೂವು ಬಿಟ್ಟಿದ್ದ ಕಾಲ. ರಾಚಪ್ಪ ಬಾಗಿಲಲ್ಲೇ ನಿಂತಿದ್ದ. ಅಂಗಿ ಮೈಮೇಲೆ ತೂಗುತ್ತಿತ್ತು.

“ಏನಲೇ ಹನಮ್ಯಾ, ದನಾ ಕೊಯ್ಯೋ ಅಂಗಡ್ಯಾಗ ಕುಂದರತೀಯಂತಲ್ಲ?”

“ಕೊಯ್ಯೂದಿಲ್ಲೋ. ತೂಗತೀನಿ.”

“ಸೀರಿ ಮಡಚಾಂವ ಈಗ ತೂಗಾಂವ ಆದಿ ಬಿಡು. ಕೈ ತೊಳಕೊಂಡ ಬಾ, ರೊಟ್ಟಿ ತಿನ್ನೂಣು.”

ಮಾತು ಹಳೆಯದೇ. ಊಟ ಮಾತ್ರ ಇರಲಿಲ್ಲ. ಅರ್ಧ ರೊಟ್ಟಿ ಮುರಿದು, ಚಟ್ನಿಗೆ ತಾಗಿಸಿ, ತಟ್ಟೆಯಲ್ಲೇ ಬಿಟ್ಟ. ಬಾಯಿಗೆ ಏನೂ ಹತ್ತುವುದಿಲ್ಲ, ಎಲ್ಲಾ ಮಣ್ಣು ತಿಂದಂತೆ ಎಂದ. ನಾನು ಹೊರಡುವಾಗ ಗೌರಿ ಕಾರಿನವರೆಗೆ ಬಂದಳು.

“ಕಾಕಾ, ಡಾಕ್ಟರು ಎಲ್ಲಾ ಟೆಸ್ಟ್ ಮಾಡಿದ್ರರಿ. ಬಿ.ಪಿ. ಬಿಟ್ರ ಏನೂ ಇಲ್ಲ ಅಂತಾರ. ಹೊಟ್ಟಿಗೆ ತಿನ್ನಲಾರದ ಎಷ್ಟ ದಿನಾ ಇರತಾರ ಅವರು?”

ಆ ಬೇಸಿಗೆ ವಿಪರೀತ ಬಿಸಿಲು. ಕೌಂಟರಿನ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು. ಬೇಸಿಗೆಯ ಕೊನೆಗೆ ಹೂಸ್ಟನ್, ಆಸ್ಟಿನ್, ಡಲ್ಲಾಸ್ ಮೂರೂ ಊರಿನ ಕನ್ನಡದವರು ಡಲ್ಲಾಸಿನ ಹತ್ತಿರ ಒಂದು ಕೆರೆಯ ದಂಡೆಯಲ್ಲಿ ಪಿಕ್ನಿಕ್ ಮಾಡುವುದೆಂದಾಯಿತು. ಒಂದೊಂದು ಊರಿನವರು ತಮ್ಮ ಪದ್ಧತಿಯಲ್ಲಿ ಬಾರ್ಬೆಕ್ಯೂ ಮಾಡುವುದು. ದನದ್ದಾಗಲಿ ಹಂದಿಯದ್ದಾಗಲಿ ಬೇಡ. ಕೋಳಿ, ಮತ್ತೆ ತಿನ್ನದವರಿಗೆ ಪನೀರು, ಅಣಬೆ, ಜೋಳದ ತೆನೆ. ಸಾಸು ಮಾತ್ರ ಎಲ್ಲರಿಗೂ ಒಂದೇ ಮೇಜಿನ ಮೇಲೆ, ಆದ್ದರಿಂದ ಅದು ಶುದ್ಧ ಸಸ್ಯಾಹಾರ ಇರಬೇಕು. ಯಾರ ಪಾತ್ರೆ ಮೊದಲು ಖಾಲಿಯಾಗುತ್ತದೋ ಆ ಊರು ಗೆದ್ದಂತೆ. ಹೂಸ್ಟನ್ನಿನ ಸಾಸು ನನ್ನ ಪಾಲಿಗೆ ಬಂತು.

ಹೊರಡುವ ದಿನ ಬೆಳಿಗ್ಗೆ ಅಂಗಡಿಯಲ್ಲೇ ಕಾಯಿಸಿದೆ. ಕೊಬ್ಬು ಹಾಕದೆ. ಮುಚ್ಚಳ ತೆಗೆದು ಮೂಸಿದೆ. ಬೇಯಿಸಿದ ಟೊಮೆಟೊ ವಾಸನೆ. ಬೆಲ್ಲ ಹಾಕಿದೆ, ಜೀರಿಗೆ ಹುರಿದು ಹಾಕಿದೆ, ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿದೆ. ಎಲ್ಲವೂ ಬಿಡಿಬಿಡಿಯಾಗಿಯೇ ಉಳಿದವು. ಅರ್ಲ್‌ನ ಕೊಬ್ಬಿನ ತಟ್ಟೆ ಪಕ್ಕದಲ್ಲಿತ್ತು. ಅವನು ಹಿಂದೆ ಕಟ್ಟಿಗೆ ಒಟ್ಟುತ್ತಿದ್ದ. ಇಷ್ಟು ದೊಡ್ಡ ಪಾತ್ರೆಗೆ ಒಂದು ಸೌಟು ಎಂದರೆ ಎಷ್ಟು, ಒಬ್ಬೊಬ್ಬರ ಪಾಲಿಗೆ ಒಂದು ಹನಿಯೂ ಬರುವುದಿಲ್ಲ ಎಂದುಕೊಂಡೆ. ಸುರಿದೆ. ವಾಸನೆ ಕೂಡಿಕೊಂಡಿತು. ಸೌಟನ್ನು ನಾನೇ ತೊಳೆದಿಟ್ಟೆ. ಎಂದೂ ತೊಳೆಯುತ್ತಿರಲಿಲ್ಲ.

ಇದಕ್ಕೆ ಬೇರೆ ಕಾರಣ ಹುಡುಕಿ ನೋಡಿದ್ದೇನೆ. ಸಿಕ್ಕಿಲ್ಲ. ಗೆಲ್ಲಬೇಕಿತ್ತು, ಅಷ್ಟೇ. ಈ ದೇಶಕ್ಕೆ ಬಂದ ಮೇಲೆ ಯಾರೂ ನನ್ನನ್ನು ಏನೂ ಮಾಡಲು ಕೇಳಿರಲಿಲ್ಲ.

ಕೆರೆಯ ದಂಡೆಯಲ್ಲಿ ಮೂರು ಸ್ಟೀಲ್ ಪಾತ್ರೆಗಳಿಗೆ ಚೀಟಿ ಅಂಟಿಸಿ ಊರಿನ ಹೆಸರು ಬರೆದಿದ್ದರು. ಆಸ್ಟಿನ್ನಿನದರಲ್ಲಿ ಕಿರಣ್ ಬರೀ ಉಪ್ಪು-ಮೆಣಸಿನ ಪುಡಿ ತುಂಬಿಸಿದ್ದ. ಡಲ್ಲಾಸಿನ ಪಾತ್ರೆಯ ಹಿಂದೆ ನಿಂತಿದ್ದವಳು ವಿಜಯಾ ಎಂಬ ದಾವಣಗೆರೆಯ ಹೆಂಗಸು. ಅವಳದು ಜೋರು ಬಾಯಿ.

“ಏನಪ್ಪಾ ಕಿರಣ್, ಸಾಸ್ ಪಾತ್ರೆಗೆ ಪುಡಿ ತುಂಬಿದೀಯ. ಮಾಡೋಕೆ ಸೋಮಾರಿತನ ಅಂತ ಹೇಳ್ಬಿಡು.”

“ಆಂಟಿ, ಮಾಂಸ ಕೆಡಿಸಿದವರಿಗೆ ಸಾಸ್ ಬೇಕು. ನಾವು ಕೆಡಿಸಲ್ಲ.”

“ಅದಕ್ಕೇ ನಿಮ್ಮೂರಲ್ಲಿ ಎರಡೆರಡು ಗಂಟೆ ಕ್ಯೂ ನಿಲ್ಲಿಸ್ತಾರೆ. ಹಸಿವಾದ್ರೆ ಎಲ್ಲಾ ರುಚಿನೇ.” ಆಮೇಲೆ ನನ್ನ ಪಾತ್ರೆಯ ಮುಚ್ಚಳ ಎತ್ತಿದಳು. “ಅಂಕಲ್, ಇದು ಸಾಸೋ ಸಾರೋ? ಅನ್ನಕ್ಕೆ ಕಲಸ್ಕೋಬಹುದು.”

“ನಿಮ್ಮದನ್ನ ಗ್ವಾಡಿಗೆ ಹಚ್ಚಬಹುದರಿ,” ಎಂದೆ. ಎಲ್ಲರೂ ನಕ್ಕರು.

ಅವಳು ನಗುತ್ತಲೇ ಕೇಳಿದಳು: “ಪ್ಯೂರ್ ವೆಜ್ ತಾನೇ ಅಂಕಲ್?”

ನಾನು ತಲೆಯಾಡಿಸಿದೆ.

ರಾಚಪ್ಪ ಬರುತ್ತಾನೆಂದು ಗೊತ್ತಿತ್ತು. ಆದರೆ ಅವನು ಎಲ್ಲಿ ಹೋದರೂ ತನ್ನ ಬುತ್ತಿ ತಾನೇ ಒಯ್ಯುವವನು, ಹೊರಗಿನದು ಮುಟ್ಟುವುದಿಲ್ಲ. ಆ ಧೈರ್ಯ ನನಗಿತ್ತು. ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದವನು, ನಾನು ನೋಡುತ್ತಿದ್ದಂತೆಯೇ, ತಟ್ಟೆಯಲ್ಲಿ ಖಡಕ್ ರೊಟ್ಟಿ ಹಿಡಿದುಕೊಂಡು ಮೇಜಿನ ಕಡೆ ಬಂದ.

“ಅಪ್ಪಾಜಿ, ಅದು ಏನೇನೋ...” ಎಂದು ಗೌರಿ ತಡೆದಳು.

“ಬ್ಯಾರೇದು ಏನರ ಇರಲಿ. ಇದು ನಮ್ಮ ಹನಮ್ಯಾ ಮಾಡಿದ್ದು. ಕಣ್ಣ ಮುಚ್ಚಿ ತಿಂತೀನಿ.”

ಸೌಟು ನನ್ನ ಕೈಯಲ್ಲಿತ್ತು. ಖಾರ ಜಾಸ್ತಿ ಆಗಿದೆ ಅನ್ನಬಹುದಿತ್ತು, ಪಾತ್ರೆ ಕೈತಪ್ಪಿ ಚೆಲ್ಲಬಹುದಿತ್ತು. ಸುತ್ತ ನಿಂತವರು ನೋಡುತ್ತಿದ್ದರು. ನಾನು ಅವನ ರೊಟ್ಟಿಯ ಮೇಲೆ ಬಡಿಸಿದೆ. ಅವನು ಮುರಿದು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದ. ಮತ್ತೆ ತಟ್ಟೆ ಚಾಚಿದ. ಗೌರಿ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ಹೂಸ್ಟನ್ ಪಾತ್ರೆ ಮೊದಲು ಖಾಲಿಯಾಯಿತು. ತಳಕ್ಕೆ ಉಳಿದದ್ದನ್ನು ರೊಟ್ಟಿಯ ಚೂರಿನಿಂದ ಬಳಿದು ತಿಂದವನು ರಾಚಪ್ಪ.

ಆ ದಿನ ಆ ಪಾತ್ರೆಯಿಂದ ಹಾಕಿಕೊಂಡ ಇನ್ನೂ ಎಷ್ಟೋ ಮಂದಿ ಸಸ್ಯಾಹಾರಿಗಳಿದ್ದರು. ಅವರ ಹೆಸರು ನನಗೆ ಗೊತ್ತಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಾನು ಹೇಳುತ್ತಿರುವುದು ನಿಮಗೂ.

ಮರುವಾರ ಗೌರಿಯ ಫೋನ್ ಬಂತು. “ಕಾಕಾ, ಇನ್ನೊಂದ ಬಾಟಲಿ ಮಾಡಿ ಕೊಡತೀರೇನ್ರಿ? ಅಮ್ಮ ಹೋದ ಮ್ಯಾಲ ಅಪ್ಪಾಜಿ ತಾವಾಗೇ ಕೇಳಿದ್ದು ಇದೊಂದ ನೋಡ್ರಿ.”

ಮಾಡಿ ಕೊಟ್ಟೆ. ಅದೇ ರೀತಿ. ಅವನು ಒಂದು ರೊಟ್ಟಿ ತಿಂದ, ಆಮೇಲೆ ಎರಡು. ನಾನು ತಿಂಗಳಿಗೊಮ್ಮೆ ಬಾಟಲಿ ಹಿಡಿದುಕೊಂಡು ಲಿಯಾಂಡರಿಗೆ ಹೋಗತೊಡಗಿದೆ. ಅವನ ಕೆನ್ನೆ ತುಂಬಿಕೊಂಡಿತು. ಸಂಜೆ ನನ್ನನ್ನು ಎಳೆದುಕೊಂಡು ಬಡಾವಣೆಯ ಸುತ್ತ ನಡೆಯುತ್ತಿದ್ದ; ಇನ್ನೂ ಮನೆ ಏಳದ ಕಡೆ ಜಿಂಕೆ ಮೇಯುತ್ತಿದ್ದವು, ಅವುಗಳಿಗೆ ನಮ್ಮ ಹಳೆಯ ಮಾಸ್ತರರ ಹೆಸರಿಟ್ಟು ನಗಿಸುತ್ತಿದ್ದ. ಒಂದು ದಿನ ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಮೇಲೆ ಬೆಳ್ಳಗೆ ಒಂದು ಪದರ ಗಟ್ಟಿಯಾಗಿತ್ತು.

“ತುಪ್ಪಾ ಹಾಕೀಯಲ್ಲೋ. ಅದಕ್ಕ ಬಾಯಿಗೆ ಹತ್ತೈತಿ ಇದು.”

“ಹೂಂ,” ಎಂದೆ.

ಸೌಟು ಸುರಿದದ್ದು ಒಂದು. ತಲೆಯಾಡಿಸಿದ್ದು ಒಂದು. ಆದರೆ ಈ ‘ಹೂಂ’ ಅವನಿಗೇ, ಅವನ ಮುಖಕ್ಕೇ ಹೇಳಿದ್ದು.

ಆ ಮೇಲಿನ ತಿಂಗಳು ನಿಜವಾದ ತುಪ್ಪವನ್ನೇ ಹಾಕಿ ಮಾಡಿ ಕೊಟ್ಟೆ. ಹೀಗೆ ಸದ್ದಿಲ್ಲದೆ ಬದಲಾಯಿಸಿದರೆ ಹಿಂದಿನದು ಮುಚ್ಚಿಹೋಗುತ್ತದೆ ಎಂದುಕೊಂಡಿದ್ದೆ. ನಾಲ್ಕು ದಿನಕ್ಕೆ ಗೌರಿ ಫೋನ್ ಮಾಡಿದಳು. ಅಪ್ಪಾಜಿ ಒಂದು ತುತ್ತು ತಿಂದು ಬಾಟಲಿ ಸರಿಸಿದರು, ಮತ್ತೆ ಅರ್ಧ ರೊಟ್ಟಿಗೆ ಬಂದಿದ್ದಾರೆ ಎಂದಳು. ಹಿಂದಿನಿಂದ ಅವನ ದನಿಯೂ ಕೇಳಿಸಿತು: “ಹನಮ್ಯಾಗ ಹೇಳು, ಈ ಸಲ ಕೈ ಕೆಟ್ಟೈತಿ ಅಂತ.”

ನಾನು ಮತ್ತೆ ಮೊದಲಿನಂತೆಯೇ ಮಾಡಿದೆ. ಅವನು ಉಣ್ಣಲಿ ಎಂದು ಮಾಡಿದೆ ಎಂದು ಆಗ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಲ್ಲ. ಕೈ ಕೆಟ್ಟಿದೆ ಎಂದದ್ದೂ ಚುಚ್ಚಿತ್ತು.

ದೀಪಾವಳಿ ಕಳೆದು ಚಳಿ ಬಿದ್ದ ಮೇಲಿನ ಒಂದು ಶನಿವಾರ. ಉತ್ತರದ ಗಾಳಿ ಬಂದು ಒಂದೇ ಬೆಳಗಿನಲ್ಲಿ ಲಿಯಾಂಡರು ಕೊರೆಯುತ್ತಿತ್ತು. ಕಿರಣ್ ಹಿತ್ತಲಿನಲ್ಲಿ ಒಲೆ ಹೊತ್ತಿಸಿದ್ದ, ರಾಚಪ್ಪ ಮುಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೂತಿದ್ದ. ನಾನು ಕಾರಿನಿಂದ ಬಾಟಲಿ ತಂದೆ. ಕಿರಣ್ ಕೈ ತೊಳೆದು, ಅಂಗಿ ಬದಲಾಯಿಸಿ ಒಳಗೆ ಬಂದವನು ಅದನ್ನು ಇಸಿದುಕೊಂಡ. ಇಷ್ಟು ತಿಂಗಳಲ್ಲಿ ಅವನು ಆ ಬಾಟಲಿಯನ್ನು ಮುಟ್ಟಿಯೂ ಇರಲಿಲ್ಲ. ಆಸ್ಟಿನ್ನಿನವನಿಗೆ ಸಾಸಿನ ಗೊಡವೆ ಯಾಕೆ?

“ಏನ್ ಹಾಕ್ತೀರಾ ಅಂಕಲ್ ಇದಕ್ಕೆ, ಮಾವ ಇಷ್ಟು ಹಚ್ಕೊಂಡ್ಬಿಟ್ಟಿದಾರೆ,” ಎನ್ನುತ್ತ ಫ್ರಿಜ್ಜಿನ ಬಾಗಿಲು ತೆಗೆದ. ಹಳೆಯ ಬಾಟಲಿ ಅಲ್ಲೇ ಇತ್ತು, ಮೇಲೆ ಬಿಳಿ ಪದರ. ಅವನು ಅದನ್ನು ತಿರುಗಿಸಿ ನೋಡಿದ. ಚಮಚದ ತುದಿಯಿಂದ ಪದರವನ್ನು ಕೆರೆದು ಮೂಸಿದ. ನನ್ನ ಮುಖ ನೋಡಿದ. ಬಾಟಲಿಯನ್ನು ಹಿಡಿದುಕೊಂಡೇ ಹಿತ್ತಲಿಗೆ ನಡೆದ. ನಾನು ಹಿಂದೆ ಹೋದೆ.

“ತುಪ್ಪ ಹಳದಿ ಇರುತ್ತೆ ಅಂಕಲ್. ಮರಳು ಮರಳಾಗಿರುತ್ತೆ.” ಒಲೆಯ ಕೆಳಗಿನ ತಟ್ಟೆಯನ್ನು ಎಳೆದು ತೋರಿಸಿದ. “ಪ್ರತಿ ವಾರ ನಾನು ಈ ತಟ್ಟೆಯಿಂದ ಕೆರೆದು ಬಿಸಾಕೋದು ಇದನ್ನೇ.”

ತಟ್ಟೆಯನ್ನು ಮತ್ತೆ ಒಳಗೆ ತಳ್ಳಿದ.

“ನಾನು ಈ ಮನೆ ಒಳಗೆ ಒಂದು ಇಕ್ಕಳ ತರಲ್ಲ. ಅವರು ಬಂದು ಚೆಕ್ ಮಾಡ್ತಾರೆ ಅಂತಲ್ಲ. ಅವರು ಮಾಡಲ್ಲ ಅದಕ್ಕೆ.”

ಮಾತು ಅವ್ವನದು. ಮೈಸೂರಿನ ಹುಡುಗನ ಬಾಯಲ್ಲಿ ಬಂತು.

“ನೀವ್ ಹೇಳ್ತೀರಾ, ನಾನ್ ಹೇಳ್ಲಾ?”

“ನಾ ಹೇಳತೀನಿ.”

“ಇವತ್ತೇ ಹೇಳಿ ಅಂಕಲ್. ಊಟಕ್ಕೆ ಮುಂಚೆ.”

ಅಂದರೆ ನಾನಾಗಿ ಹೇಳಿದೆನೆಂದು ಯಾರೂ ತಿಳಿಯಬಾರದು. ಸಿಕ್ಕಿಬಿದ್ದೆ, ಆದ್ದರಿಂದ ಹೇಳಿದೆ.

ರಾಚಪ್ಪ ಶಾಲು ಹೊದ್ದು ಕುರ್ಚಿಯಲ್ಲಿದ್ದ. ಗೌರಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಾನು ಎದುರಿಗೆ ಕೂತೆ.

“ರಾಚ್ಯಾ, ಆ ಸಾಸಿನ್ಯಾಗ ತುಪ್ಪಾ ಇಲ್ಲೋ.”

“ಮತ್ತೇನೈತಿ, ಡಾಲ್ಡಾನ? ಅಲೆ ಇವನ.”

“ನಮ್ಮ ಅಂಗಡ್ಯಾಗ ಸುಡತಾರಲ್ಲ. ಅದರ ಕೊಬ್ಬ.”

ನಗು ಮುಖದ ಮೇಲೆ ಇದ್ದ ಹಾಗೆಯೇ ನಿಂತಿತು. “ದನದ್ದ?”

“ಹೂಂ.”

“ಯಾವಾಗಿಂದ?”

“ಪಿಕ್ನಿಕ್ಕಿನ್ಯಾಗ ಮಾಡಿದ್ನಲ್ಲ, ಆವಾಗಿಂದ.”

“ಎಲ್ಲಾ ಬಾಟಲಿ?”

“ಒಂದ ಬಿಟ್ಟು. ನೀ ಬ್ಯಾಡ ಅಂದಿ ನೋಡು, ಅದರಾಗ ಇದ್ದಿದ್ದಿಲ್ಲ.”

ಅವನ ಕೈ ಶಾಲಿನೊಳಗೆ, ಎದೆಯ ಮೇಲಿನ ಲಿಂಗದ ಹತ್ತಿರ ಹೋಯಿತು. ಮುಟ್ಟಲಿಲ್ಲ. ಅಲ್ಲೇ ಸ್ವಲ್ಪ ದೂರದಲ್ಲಿ ನಿಂತಿತು. ಅಡಿಗೆಮನೆಯ ಸದ್ದು ನಿಂತು ಮತ್ತೆ ಶುರುವಾಯಿತು.

“ಅದು ರುಚಿ ಆಕ್ಕೈತಿ ಅಂತ ನಿನಗ ಹೆಂಗ ಗೊತ್ತಾತು?”

“ವಾಸನಿ ಮ್ಯಾಲೆ.”

“ನೀ ತಿಂದಿಲ್ಲಾ?”

“ಇಲ್ಲ.”

“ಒಂದ್ ಬಟ್ಟ ಹಚ್ಚಿ ನೆಕ್ಕೂ ಇಲ್ಲಾ?”

“ಇಲ್ಲೋ.”

ಅವನು ಬೈಯುತ್ತಾನೆಂದು ಕಾದೆ. ಅವನು ಏನೋ ಲೆಕ್ಕ ಸರಿಹೋದಂತೆ ಮೆಲ್ಲಗೆ ಹೇಳಿದ: “ನಿಮ್ಮವ್ವ ನನಗಂತ ಒಂದ್ ಹಂಚ ಬ್ಯಾರೆ ಇಟ್ಟಿದ್ಲು. ನೀ ಅದನ್ನ ನಿನಗ ಇಟಗೊಂಡಿ.”

ಆಮೇಲೆ ಒಳಗೆ ಕೂಗಿದ: “ಗೌರವ್ವಾ, ಕಾಕಾಗ ಬುತ್ತಿ ಕಟ್ಟವಾ. ದೂರ ಹೋಗೂದೈತಿ ಅಂವಗ.”

ಬುತ್ತಿ ಪಕ್ಕದ ಸೀಟಿನಲ್ಲಿಟ್ಟುಕೊಂಡು ಮರಳಿದೆ. ದಾರಿಯಲ್ಲಿ ಹೊಲಗಳು ಬೋಳಾಗಿದ್ದ ನೆನಪು, ಬೇರೇನೂ ಇಲ್ಲ.

ಸೋಮವಾರ ಅಂಗಡಿಯಲ್ಲಿ ಸಾಸು ಕಾಯಿಸಿದೆ. ಅರ್ಲ್ ತನ್ನ ಸೌಟು ಸುರಿದು ಹೋದ ಮೇಲೆ ಒಂದು ಬ್ರೆಡ್ಡಿನ ಚೂರನ್ನು ಅದ್ದಿ ಬಾಯಿಗೆ ಹಾಕಿಕೊಂಡೆ. ಪ್ರಾಯಶ್ಚಿತ್ತ ಎಂದಲ್ಲ. ಅವನಿಗೆ ಕೊಟ್ಟದ್ದು ಏನೆಂದು ತಿಳಿಯಬೇಕಿತ್ತು. ನುಂಗುವುದಕ್ಕೆ ಹೊತ್ತು ಹಿಡಿಯಿತು. ಉಪ್ಪು ಬಹಳ ಜಾಸ್ತಿ ಇತ್ತು. ಮಾಂಸಕ್ಕೆ ಹಚ್ಚಿದ ಉಪ್ಪೆಲ್ಲ ಕೊಬ್ಬಿನ ಜೊತೆ ಇಳಿದಿರುತ್ತದೆ, ನಾನು ಮೇಲೆ ಇನ್ನಷ್ಟು ಹಾಕುತ್ತಿದ್ದೆ. ಮೂಗಿಗೆ ಉಪ್ಪು ಗೊತ್ತಾಗುವುದಿಲ್ಲ. ರಾಚಪ್ಪನಿಗೆ ಬಿ.ಪಿ. ಇತ್ತು.

ಅರ್ಲ್‌ಗೆ ವಿಷಯ ಹೇಳಿದೆ. ಅವನು ಬೆಂಚಿನ ಮೇಲೆ ಕೂತು ಪೂರ್ತಿ ಕೇಳಿದ. ತನ್ನನ್ನು ಒಂದು ಮಾತು ಕೇಳಿದ್ದರೆ ಬೇರೆ ದಾರಿ ಹೇಳುತ್ತಿದ್ದೆ ಎಂದ. ಮತ್ತೆ ಕಟ್ಟಿಗೆ ಒಟ್ಟಲು ಎದ್ದು ಹೋದ.

ಆ ದಾರಿ ಏನೆಂದು ಗೊತ್ತಾದದ್ದು ಗೌರಿಯಿಂದ. ರಾಚಪ್ಪ ಕೆಲವು ದಿನ ಬರೀ ಹಣ್ಣು ತಿಂದು, ಆಮೇಲೆ ಅರ್ಧ ರೊಟ್ಟಿಗೆ ಮರಳಿದ್ದನಂತೆ. ಆಗ ಕಿರಣ್ ಒಂದು ಸಣ್ಣ ಒಲೆಯನ್ನು ಹೊಸದಾಗಿ ಕೊಂಡು ತಂದು, ಹಿತ್ತಲಿನಲ್ಲಲ್ಲ, ಮನೆಯ ಮುಂದೆ ಇಟ್ಟ. ಅದರಲ್ಲಿ ಓಕ್ ಹೊಗೆಗೆ ಟೊಮೆಟೊ, ಈರುಳ್ಳಿ, ಒಣ ಮೆಣಸಿನಕಾಯಿ ಸುಟ್ಟು, ಅರೆದು ಸಾಸು ಮಾಡಿದ. ಮೂರು ನಾಲ್ಕು ಸಲ ಕೆಟ್ಟಿತು. ಕೊನೆಗೆ ಒಂದು ಸಲ ಮಾವ ಎರಡನೆಯ ರೊಟ್ಟಿ ಕೇಳಿದ. ಸಾಸಿನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದ ಆಸ್ಟಿನ್ನಿನವನು ಈಗ ಪ್ರತಿ ಶನಿವಾರ ಸಾಸು ಮಾಡುತ್ತಾನೆ. ಆ ಒಲೆಯ ಮೇಲೆ ಬೇರೇನೂ ಇಡುವುದಿಲ್ಲ.

ಸೈಪ್ರೆಸ್ಸಿನ ಅಂಗಡಿಯನ್ನು ತಂಗಿಯ ಗಂಡ ಬಿಟ್ಟುಕೊಟ್ಟ. ಅರ್ಲ್ ಪೂರ್ವಕ್ಕೆ, ತನ್ನ ಅಕ್ಕನ ಮನೆಗೆ ಹೋದ. ನಾವು ಫುಲ್‌ಶೀರಿಗೆ ಬಂದೆವು. ರಾಚಪ್ಪನ ಮನೆಗೆ ನಾನು ಹೋಗುವುದು ನಿಲ್ಲಲಿಲ್ಲ. ಅವನು ಬರಬೇಡ ಅನ್ನಲಿಲ್ಲ. ಹೋದಾಗಲೆಲ್ಲ ಊಟ ಹಾಕಿಸುತ್ತಾನೆ, ಎದುರಿಗೆ ಕೂತು ಇನ್ನೊಂದು ರೊಟ್ಟಿ ಹಾಕವಾ ಎಂದು ಮಗಳಿಗೆ ಹೇಳುತ್ತಾನೆ, ಮಾಸ್ತರರ ಸುದ್ದಿ ಆಡುತ್ತಾನೆ. ನನ್ನ ಕೈಯಿಂದ ಮಾತ್ರ ಏನೂ ತೆಗೆದುಕೊಳ್ಳುವುದಿಲ್ಲ. ಬಾಳೆಹಣ್ಣು ಒಯ್ದರೆ ಟೇಬಲ್ಲಿನ ಮೇಲೆ ಇಡು ಅನ್ನುತ್ತಾನೆ, ಅದು ಅಲ್ಲೇ ಕಪ್ಪಾಗುತ್ತದೆ. ಈ ವರ್ಷಗಳಲ್ಲಿ ಅವನು ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ.

ಕಿಟಕಿ ಮುಚ್ಚಿ ಕೂತ ಆ ಭಾನುವಾರದ ಮರುದಿನ ನಾನು ಲಿಯಾಂಡರಿಗೆ ಹೋದೆ. ಗೌರಿ, ಕಿರಣ್ ಕೆಲಸಕ್ಕೆ ಹೋಗಿದ್ದರು. ರಾಚಪ್ಪನಿಗೆ ಈಗ ಮಂಡಿ ಹಿಡಿದಿದೆ, ಕುರ್ಚಿಯಿಂದ ಏಳಲು ಇನ್ನೊಬ್ಬರು ಬೇಕು. ಮಾತಾಡುತ್ತಿದ್ದವನಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ನಾನು ಅಡಿಗೆಮನೆಗೆ ಹೋಗಿ, ಲೋಟ ಹುಡುಕಿ, ತೊಳೆದು, ಮತ್ತೊಮ್ಮೆ ತೊಳೆದು, ನೀರು ತಂದು ಅವನ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಹಿಂದೆ ಸರಿದು ನಿಂತೆ.

ಅವನು ಲೋಟ ನೋಡಿದ. ಕೆಮ್ಮುತ್ತಲೇ ನನ್ನನ್ನು ನೋಡಿದ.

“ನೀ ಮದಲ ಕುಡಿ.”

ನಾನು ಲೋಟ ತೆಗೆದುಕೊಂಡು, ಅಭ್ಯಾಸದಂತೆ, ತುಟಿಗೆ ತಾಗದ ಹಾಗೆ ಮೇಲೆತ್ತಿದೆ.

“ಎತ್ತಿ ಕುಡೀಬ್ಯಾಡ,” ಎಂದ. “ಕಚ್ಚಿ ಕುಡಿ.”

ನಾನು ಕಚ್ಚಿ ಕುಡಿದೆ. ಅವನು ಲೋಟಕ್ಕೆ ಕೈ ಚಾಚಿದ.